ನೋಗ್ರಾಜ್ ಸರಣಿ: ರೆಸಾರ್ಟ್ ಇದೆ, ಪರ್ಮಿಟ್ ಇಲ್ಲ

'ಹಂಬಲ್ ಪೊಲಿಟಿಷಿಯನ್ ನೋಗ್ರಾಜ್' ವೆಬ್ ಸರಣಿ ನೋಡಿ, ಚೆನ್ನಾಗಿ ನಗು ಬರುತ್ತದೆ. ಆದರೆ ಬಳ್ಳಾರಿಯಲ್ಲಿ ಕೂತು ನೋಡುವವರಿಗೆ ಇನ್ನೂ ಏನೋ ಬೇಕಿತ್ತು ಅನಿಸದೆ ಇರುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ರಾಜಕೀಯ ಹಗರಣವನ್ನೇ ಹಿಡಿದು ಇಷ್ಟು ಉದ್ದಕ್ಕೆ ನಗಿಸಲು ಹೊರಟ ಕನ್ನಡ ಸರಣಿಗಳು ತೀರಾ ಕಡಿಮೆ, ಹಾಗಾಗಿ ಹಗುರವಾಗಿ ತಳ್ಳಿಹಾಕುವುದೂ ತಪ್ಪು, ಸುಮ್ನೆ ಹೊಗಳಿ ಬಿಡುವುದೂ ತಪ್ಪು.

ಸರಣಿ ಬಂದಿದ್ದು 2022ರ ಜನವರಿಯಲ್ಲಿ, ಆಗಿದ್ದ ವೂಟ್ ಸೆಲೆಕ್ಟ್ ಅನ್ನುವ ಒಟಿಟಿಯಲ್ಲಿ. ಒಟ್ಟು 10 ಕಂತು. ನಿರ್ದೇಶನ ಸಾದ್ ಖಾನ್ ಅವರದು, ನೋಗ್ರಾಜ್ ಆಗಿ ದಾನಿಶ್ ಸೇಠ್. ಇದೇ ಪಾತ್ರದ ಸಿನಿಮಾ 2018ರಲ್ಲಿ ಬಂದಿತ್ತು. ಅಲ್ಲಿ ಬೆಂಗಳೂರಿನ ಒಬ್ಬ ಕಾರ್ಪೊರೇಟರ್ ಶಾಸಕನಾಗಲು ಒದ್ದಾಡುತ್ತಾನೆ. ಸರಣಿಯಲ್ಲಿ ಅವನ ಕಣ್ಣು ಮುಖ್ಯಮಂತ್ರಿ ಕುರ್ಚಿ ಮೇಲೆ. ಯಾರಿಗೂ ಬಹುಮತ ಇಲ್ಲ. ಶಾಸಕರನ್ನು ರೆಸಾರ್ಟಿಗೆ ಸಾಗಿಸಬೇಕು, ಅವರು ಎದುರಾಳಿ ಕೈಗೆ ಸಿಗದಂತೆ ಕಾಯಬೇಕು. ಇಷ್ಟೇ ಕಥೆ.

ಇಷ್ಟೇ ಕಥೆಯಾದರೂ ನಮ್ಮವರಿಗೆ ಇದು ಕಟ್ಟುಕಥೆ ಅನಿಸುವುದೇ ಇಲ್ಲ. 2018ರ ಮೇ ತಿಂಗಳು ನೆನಪಿದೆ ಅಲ್ವಾ? ಒಂದು ಪಕ್ಷಕ್ಕೆ 104 ಸ್ಥಾನ ಬಂತು, ಸದನದಲ್ಲಿ ಅಷ್ಟು ಸಾಲಲಿಲ್ಲ. ರಾಜ್ಯಪಾಲರು ಬಹುಮತ ತೋರಿಸಲು 15 ದಿನ ಕೊಟ್ಟರು, ಮಧ್ಯರಾತ್ರಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಯಿತು, ಕೊನೆಗೆ ಮೇ 19ಕ್ಕೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ, 2019ರ ಜನವರಿಯಲ್ಲಿ, ಬಿಡದಿ ಹತ್ತಿರದ ರೆಸಾರ್ಟಿನಲ್ಲಿ ಇಬ್ಬರು ಶಾಸಕರ ನಡುವೆ ಹೊಡೆದಾಟವಾಗಿ ಒಬ್ಬರು ಆಸ್ಪತ್ರೆ ಸೇರಿದರು. ಇಬ್ಬರೂ ಆಗಿನ ನಮ್ಮ ಜಿಲ್ಲೆಯವರೇ. ಒಬ್ಬರದು ಕಂಪ್ಲಿ ಕ್ಷೇತ್ರ, ಇನ್ನೊಬ್ಬರದು ವಿಜಯನಗರ. ಮತ ಹಾಕಿದ ಜನ ಇಲ್ಲಿ ಬಿಸಿಲಲ್ಲಿ ಕುಡಿಯುವ ನೀರಿಗೆ ಕಾಯುತ್ತಿದ್ದರು, ಗೆದ್ದವರು ಅಲ್ಲಿ ರೆಸಾರ್ಟಿನಲ್ಲಿದ್ದರು. ಆ ಸಿಟ್ಟು ಇನ್ನೂ ಆರಿಲ್ಲ. ಸರಣಿ ಆ ಸಿಟ್ಟನ್ನು ಮುಟ್ಟುತ್ತದೆ, ಅದಕ್ಕೇ ನನಗೆ ಹಿಡಿಸಿತು.

ನಟನೆಯಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಹಿಡಿಸಿದ್ದು ಪ್ರಕಾಶ್ ಬೆಳವಾಡಿ. ಕೆಜಿಬಿ ಅನ್ನುವ ಪಳಗಿದ ರಾಜಕಾರಣಿ ಅವರು. ನೋಗ್ರಾಜ್ ಬಾಯಿ ಬಡಿದುಕೊಂಡು ಮಾಡುವ ಕೆಲಸವನ್ನು ಈ ಮನುಷ್ಯ ಕೂತಲ್ಲೇ ಮಾಡಿ ಮುಗಿಸುತ್ತಾನೆ. ನಮ್ಮ ಕಡೆ ಇಂಥವರನ್ನು ಎಲ್ಲರೂ ನೋಡಿದ್ದೇವೆ. ಮದುವೆಗೆ ಬರುತ್ತಾರೆ, ಹೆಗಲ ಮೇಲೆ ಕೈ ಹಾಕುತ್ತಾರೆ, ಊಟ ಆಯ್ತೇನಪ್ಪ ಅಂತ ಕೇಳುತ್ತಾರೆ, ಅಷ್ಟರಲ್ಲಿ ಊರಿನ ಅರ್ಧ ಓಟಿನ ಲೆಕ್ಕ ಅವರ ತಲೆಯಲ್ಲಿ ಕೂತಿರುತ್ತದೆ. ನೋಗ್ರಾಜ್‌ನ ಸಹಾಯಕ ಮಂಜುನಾಥನಾಗಿ ವಿಜಯ್ ಚೆಂಡೂರ್ ಕೂಡ ಚೆನ್ನಾಗಿ ಮಾಡಿದ್ದಾರೆ. ಯಜಮಾನನ ತಪ್ಪು ಗೊತ್ತಿದ್ದೂ ಜೊತೆಗೇ ಓಡಾಡುವ ಹುಡುಗರು ಪ್ರತಿ ಪಕ್ಷದ ಕಚೇರಿ ಮುಂದೆ ಸಿಗುತ್ತಾರೆ.

ಈಗ ತಕರಾರಿಗೆ ಬರೋಣ. ನೋಗ್ರಾಜ್‌ನ ತಪ್ಪು ಇಂಗ್ಲಿಷ್ ಮೇಲೆ ಕಟ್ಟಿದ ನಗು ಮೊದಲೆರಡು ಸಲ ಸರಿ, ಆಮೇಲೆ ಸಾಕೆನಿಸುತ್ತದೆ. ಇಂಗ್ಲಿಷ್ ಬಾರದಿರುವುದು ರಾಜಕಾರಣಿಯ ತಪ್ಪೇ ಅಲ್ಲ, ಅದನ್ನು ನೋಡಿ ನಗುವಾಗ ನಾವು ನಮ್ಮ ಅಪ್ಪ ಚಿಕ್ಕಪ್ಪಂದಿರನ್ನೇ ನೋಡಿ ನಕ್ಕ ಹಾಗಾಗುತ್ತದೆ. ನಡುವಿನ ಕಂತುಗಳೂ ಎಳೆದಾಡಿದವು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹಗರಣ ಅಂದರೆ ಒಬ್ಬ ದುರಾಸೆಯ ಮನುಷ್ಯ, ಒಂದಿಷ್ಟು ದುಡ್ಡು, ಒಂದು ಕುರ್ಚಿ, ಇಷ್ಟೇ ಅಂತ ಸರಣಿ ನಂಬಿದೆ. ಬಳ್ಳಾರಿಯ ಅಕ್ರಮ ಗಣಿ ಹಗರಣ ಹಾಗೆ ನಡೆಯಲಿಲ್ಲ. ಅದು ಕಾಗದದ ಮೇಲೆ ನಡೆಯಿತು. ಅದಿರು ಸಾಗಿಸುವ ಪರ್ಮಿಟ್, ತೂಕದ ಚೀಟಿ, ಚೆಕ್‌ಪೋಸ್ಟ್ ರಿಜಿಸ್ಟರ್, ಗಡಿ ಕಲ್ಲು, ಹೀಗೆ ಒಂದೊಂದರಲ್ಲೂ ಒಂದೊಂದು ಕೈ ಇತ್ತು. ಪರ್ಮಿಟ್ ಇಲ್ಲದ ಲಾರಿ ಓಡಿತು, ಪರ್ಮಿಟ್ ಇದ್ದ ಲಾರಿ ಓವರ್‌ಲೋಡ್ ಆಗಿ ಓಡಿತು, ಸಂಡೂರಿಂದ ಹೊಸಪೇಟೆ ಕಡೆ ಹೋಗುವ ದಾರಿಯ ಮನೆ, ಮರ, ಹೊಲದ ಬೆಳೆ ಎಲ್ಲದರ ಮೇಲೂ ಕೆಂಪು ಧೂಳು ಕೂತಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿ ಸರ್ಕಾರಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಅಂತ ಅಂದಾಜು ಮಾಡಿತು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲು, ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಹಡಗು ಹತ್ತಿ ಹೋಗಿತ್ತು. ಜಪ್ತಿಯಾದ ಗುಡ್ಡೆ ಕಾವಲಿದ್ದವರ ಕಣ್ಣೆದುರೇ ಖಾಲಿಯಾಗುತ್ತಾ ಹೋಗುವುದನ್ನು ಯೋಚಿಸಿ ನೋಡಿ. ಹಾಸ್ಯ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಸನ್ನಿವೇಶ ಎಲ್ಲಿ ಸಿಗಬೇಕು? ಲಾರಿ ಲೆಕ್ಕ ಬರೆಯುವ ಗುಮಾಸ್ತ, ಸಹಿ ಹಾಕಲು ಹೆದರುವ ಅಧಿಕಾರಿ, ಹೆದರದೆ ಬರೆದಿಟ್ಟ ಅಧಿಕಾರಿ, ಸಾಲ ಮಾಡಿ ಲಾರಿ ಕೊಂಡು ಗಣಿ ನಿಂತ ಮೇಲೆ ಕಂತು ಕಟ್ಟಲಾಗದೆ ಕೂತ ಹುಡುಗ, ಎಲ್ಲರೂ ಒಂದೇ ಕಥೆಯಲ್ಲಿ ಬರಬಹುದು.

ಕಚೇರಿ ಒಳಗಿನ ಆಟ ತೋರಿಸಿ ನಗಿಸಲು ಆಗುವುದಿಲ್ಲ ಅನ್ನುವವರು ಬಿಬಿಸಿಯ 'ಯೆಸ್ ಮಿನಿಸ್ಟರ್' ನೋಡಬೇಕು. 1980ರಲ್ಲಿ ಶುರುವಾದ ಸರಣಿ ಅದು. ಬಹುಪಾಲು ಒಂದು ಕೋಣೆ, ಒಬ್ಬ ಮಂತ್ರಿ, ಅವನ ಕಾರ್ಯದರ್ಶಿ, ಒಂದು ಫೈಲು. ಮಂತ್ರಿ ಬದಲಾವಣೆ ಬೇಕು ಅನ್ನುತ್ತಾನೆ, ಕಾರ್ಯದರ್ಶಿ ಆಗಲಿ ಅಂತ ತಲೆ ಅಲ್ಲಾಡಿಸಿ ಏನೂ ಆಗದಂತೆ ನೋಡಿಕೊಳ್ಳುತ್ತಾನೆ. ಅಲ್ಲಿ ಯಾರೂ ದಡ್ಡರಲ್ಲ. ಎಲ್ಲರೂ ಜಾಣರು, ಅದಕ್ಕೇ ನಗುತ್ತಲೇ ಭಯವೂ ಆಗುತ್ತದೆ. ನೋಗ್ರಾಜ್ ಸರಣಿಯಲ್ಲಿ ಕೆಜಿಬಿ ಇರುವ ದೃಶ್ಯಗಳು ಈ ಮಟ್ಟಕ್ಕೆ ಹತ್ತಿರ ಬರುತ್ತವೆ, ಉಳಿದ ಕಡೆ ಗದ್ದಲವೇ ಜಾಸ್ತಿ.

ನಮ್ಮಲ್ಲೇನು ಇದಕ್ಕೆ ಪರಂಪರೆ ಇಲ್ಲವೇ? ಮಾಸ್ಟರ್ ಹಿರಣ್ಣಯ್ಯ ಅವರು 'ಲಂಚಾವತಾರ' ನಾಟಕವನ್ನು ಸಾವಿರಾರು ಸಲ ಆಡಿದರು, ಅಧಿಕಾರದಲ್ಲಿ ಇರುವವರನ್ನು ವೇದಿಕೆ ಮೇಲಿಂದಲೇ ಝಾಡಿಸಿದರು. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರು ನಮ್ಮದು. ಕಂಪನಿ ನಾಟಕದ ಟೆಂಟಿನಲ್ಲಿ ಹಾಸ್ಯಗಾರ ಶಾಸಕರ ಬಗ್ಗೆ ಒಂದು ಮಾತು ಬಿಟ್ಟರೆ ಸಿಳ್ಳೆ ಬೀಳುವುದನ್ನು ಕೇಳಿ ಬೆಳೆದವರು ಇಲ್ಲಿ ಬೇಕಾದಷ್ಟಿದ್ದಾರೆ. ತೆಲುಗು, ಉರ್ದು ಬೆರೆತ ನಮ್ಮ ಮಾತಿನಲ್ಲಿ, ನಮ್ಮ ಹುಡುಗ ಹುಡುಗಿಯರೇ ಬರೆದು ನಟಿಸಿದ ಗಣಿ ಕಾಲದ ಹಾಸ್ಯ ಸರಣಿ ಬಂದರೆ ನಾನು ದುಡ್ಡು ಕೊಟ್ಟು ನೋಡುತ್ತೇನೆ, ನಾಲ್ಕು ಜನರಿಗೆ ತೋರಿಸುತ್ತೇನೆ. ದಯವಿಟ್ಟು ಯಾರಾದರೂ ಮಾಡಿ.

ಅಲ್ಲಿಯವರೆಗೆ ನೋಗ್ರಾಜ್ ನೋಡಲು ಅಡ್ಡಿಯಿಲ್ಲ. 2018ರ ಸಿನಿಮಾ ನೋಡದಿದ್ದರೂ ಕಥೆ ಅರ್ಥವಾಗುತ್ತದೆ. ಮಾತು ಅಲ್ಲಲ್ಲಿ ಒರಟು, ಚಿಕ್ಕ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ಒಂದೇ ಸಲಕ್ಕೆ 10 ಕಂತೂ ನೋಡಲು ಹೋಗಬೇಡಿ, ದಿನಕ್ಕೆ ಎರಡರಂತೆ ನೋಡಿ. ಆಗ ನಡುವಿನ ಎಳೆದಾಟ ಅಷ್ಟಾಗಿ ಕಾಡುವುದಿಲ್ಲ.