ಆಟೋ ಸ್ವೀಪ್ ಖಾತೆ: ಬಡ್ಡಿ ಏರುವ ಕಾಲದಲ್ಲಿ ಮುಂಬೈ ಕನ್ನಡಿಗರಿಗೆ ಎಷ್ಟು ಉಪಯೋಗ?

2022ರ ಮೇ 4ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 4.40ಕ್ಕೆ ಏರಿಸಿತು. 2023ರ ಫೆಬ್ರವರಿ 8ರ ಹೊತ್ತಿಗೆ ಅದು ಶೇ 6.50 ಆಗಿತ್ತು. ಇದೇ ಅವಧಿಯಲ್ಲಿ ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಠೇವಣಿಯ ಬಡ್ಡಿ 5.10ರಿಂದ 6.80ಕ್ಕೆ ಹೋಯಿತು. ಉಳಿತಾಯ ಖಾತೆಯ ಬಡ್ಡಿ ಮಾತ್ರ 2.70ರಿಂದ ಕದಲಲಿಲ್ಲ. ಮುಂದೆ 2025ರಲ್ಲಿ ರೆಪೊ ಇಳಿಯತೊಡಗಿದಾಗ, ಜೂನ್‌ನಲ್ಲಿ ಅದೂ 2.50ಕ್ಕೆ ಇಳಿಯಿತು. ಏರುವಾಗ ಏರಲಿಲ್ಲ, ಇಳಿಯುವಾಗ ಇಳಿಯಿತು. ಉಳಿತಾಯ ಖಾತೆಗೆ ಎಷ್ಟು ಬಡ್ಡಿ ಕೊಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಬ್ಯಾಂಕುಗಳಿಗೆ 2011ರ ಅಕ್ಟೋಬರ್ 25ರಿಂದಲೇ ಇದೆ. ಗಿರಾಕಿ ಹಣ ತೆಗೆದು ಬೇರೆ ಕಡೆ ಇಡುವವರೆಗೆ ಬ್ಯಾಂಕಿಗೆ ಆ ದರ ಏರಿಸುವ ಅವಸರವಿಲ್ಲ.

ಹಾಗೆ ತೆಗೆದಿಡುವ ಕೆಲಸವನ್ನು ತಾನಾಗಿ ಮಾಡುವ ಸೌಲಭ್ಯವೇ ಆಟೋ ಸ್ವೀಪ್. ಸ್ಟೇಟ್ ಬ್ಯಾಂಕಿನಲ್ಲಿ ಇದಕ್ಕೆ ಮಲ್ಟಿ ಆಪ್ಷನ್ ಡೆಪಾಸಿಟ್, ಕೌಂಟರಿನ ಭಾಷೆಯಲ್ಲಿ ಎಂಓಡಿ, ಎನ್ನುತ್ತಾರೆ. ಬೇರೆ ಬ್ಯಾಂಕುಗಳಲ್ಲಿ ಬೇರೆ ಹೆಸರುಗಳಿವೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ನೀವು ಒಂದು ಮಿತಿ ಹಾಕುತ್ತೀರಿ. ಖಾತೆಯಲ್ಲಿ ಅದಕ್ಕಿಂತ ಹೆಚ್ಚಾದ ಹಣ ಸಣ್ಣ ಸಣ್ಣ ಠೇವಣಿಗಳಾಗಿ ಬೇರ್ಪಡುತ್ತದೆ. ಚೆಕ್ ಬಂದಾಗ ಅಥವಾ ಎಟಿಎಂನಲ್ಲಿ ಹಣ ತೆಗೆದಾಗ ಖಾತೆಯಲ್ಲಿರುವುದು ಸಾಲದಿದ್ದರೆ, ಬೇಕಾದಷ್ಟು ಮಾತ್ರ ಮುರಿದು ವಾಪಸು ಬರುತ್ತದೆ. ಎಂಓಡಿಯಲ್ಲಿ ಸಾವಿರ ರೂಪಾಯಿಯ ಲೆಕ್ಕದಲ್ಲಿ ಮುರಿಯುತ್ತದೆ, ಉಳಿದದ್ದು ಹಳೆಯ ದರದಲ್ಲೇ ಮುಂದುವರಿಯುತ್ತದೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಎರಡು ಲಕ್ಷದ ಎಫ್‌ಡಿ ಇಟ್ಟವರಿಗೆ ಎಂಟು ಸಾವಿರ ಬೇಕಾದಾಗ ಇಡೀ ಎಫ್‌ಡಿ ಮುರಿಸುವ ಸಂಕಟ ಇಲ್ಲಿಲ್ಲ.

ಮೊದಲು ಲಾಭದ ಲೆಕ್ಕ. 2023ರ ದರದಲ್ಲಿ, ಖಾತೆಯಲ್ಲಿ 1,35,000 ರೂಪಾಯಿ ಇತ್ತು, 35,000 ಬಿಟ್ಟು ಒಂದು ಲಕ್ಷ ಸ್ವೀಪ್ ಆಯಿತು ಎಂದಿಟ್ಟುಕೊಳ್ಳಿ. ಉಳಿತಾಯ ಖಾತೆಯಲ್ಲೇ ಇದ್ದಿದ್ದರೆ ಆ ಲಕ್ಷಕ್ಕೆ ವರ್ಷಕ್ಕೆ ಸುಮಾರು 2,700 ರೂಪಾಯಿ. ಶೇ 6.80ರಂತೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ ಸುಮಾರು 6,975. ಕೈಬಿಟ್ಟು ಹೋಗುವುದು ನಾಲ್ಕು ಸಾವಿರದ ಮೇಲೆ. ಇದು ಒಂದೇ ಒಂದು ಫಾರ್ಮ್‌ ತುಂಬಿದ್ದಕ್ಕೆ ಸಿಗುವ ಹಣ.

ಆದರೆ ಸ್ವೀಪ್ ಆದ ಹಣ ಎಷ್ಟು ದಿನ ಒಳಗೆ ಕುಳಿತಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ಅವಧಿಗೆ ಮುಂಚೆ ಮುರಿದರೆ ಒಪ್ಪಿದ 6.80 ಸಿಗುವುದಿಲ್ಲ. ಹಣ ಇಟ್ಟ ದಿನ, ಅದು ಎಷ್ಟು ದಿನ ಇತ್ತೋ ಅಷ್ಟು ದಿನದ ಠೇವಣಿಗೆ ಯಾವ ದರ ಇತ್ತೋ ಆ ದರ, ಅದರಲ್ಲಿ ದಂಡ ಶೇ 0.50 ಕಳೆದು ಸಿಗುತ್ತದೆ. ಇಟ್ಟ ದಿನದ ದರ ಎಂಬುದನ್ನು ಗಮನಿಸಿ. ಮುರಿಸುವ ದಿನ ಬಡ್ಡಿ ಏರಿದ್ದರೂ ಅದು ನಿಮಗಲ್ಲ. ಹತ್ತು ಸಾವಿರ ರೂಪಾಯಿ ನೂರು ದಿನ ಇತ್ತು, ಆ ಅವಧಿಯ ದರ 4.50 ಎಂದಾದರೆ, ಸಿಗುವುದು ಶೇ 4ರಂತೆ 110 ರೂಪಾಯಿ. ಉಳಿತಾಯ ಖಾತೆಯಲ್ಲಾದರೆ 74. ದಂಡ ತೆತ್ತೂ ಲಾಭವೇ. ಅದೇ ಹಣ ನಲವತ್ತು ದಿನಕ್ಕೆ ಹೊರಬಿದ್ದರೆ? ಆ ಅವಧಿಯ ದರ 3, ದಂಡ ಕಳೆದು 2.50. ಉಳಿತಾಯ ಖಾತೆಯ ಆಗಿನ 2.70ಕ್ಕಿಂತ ಕಡಿಮೆ. ಏಳು ದಿನದೊಳಗೆ ಮುರಿದರೆ ಬಡ್ಡಿ ಸೊನ್ನೆ.

ಆದ್ದರಿಂದ ಒಂದನೇ ತಾರೀಕು ಪಗಾರ ಬಂದು ಇಪ್ಪತ್ತೈದರೊಳಗೆ ಬಾಡಿಗೆ, ಸೊಸೈಟಿ ಮೇಂಟೆನೆನ್ಸ್, ಊರಿಗೆ ಕಳಿಸುವ ಹಣ, ಮಕ್ಕಳ ಫೀಸು ಎಂದು ಖಾಲಿಯಾಗುವ ಖಾತೆಗೆ ಈ ಸೌಲಭ್ಯ ಬೇಡ. ಹೋಟೆಲಿನ ಗಲ್ಲಾದ ಹಣ ದಿನಾ ಬಂದು, ಹಾಲು, ತರಕಾರಿ, ಗ್ಯಾಸಿಗೆ ದಿನಾ ಹೋಗುವ ಖಾತೆಗಂತೂ ಬೇಡವೇ ಬೇಡ. ಅಂಥ ಖಾತೆಯಲ್ಲಿ ಸ್ವೀಪ್ ಆಗುವುದು, ಮುರಿಯುವುದು, ಮತ್ತೆ ಸ್ವೀಪ್ ಆಗುವುದು ಎಂದು ಪಾಸ್‌ಬುಕ್ಕಿನ ಪುಟ ತುಂಬುತ್ತದೆ, ಬಡ್ಡಿ ತುಂಬುವುದಿಲ್ಲ.

ಇದು ಹೇಳಿಮಾಡಿಸಿದಂತಿರುವುದು ಬೇರೆ ಮೂರು ಬಗೆಯವರಿಗೆ. ಒಂದು, ಖಾತೆಯಲ್ಲಿ ಸದಾ ಲಕ್ಷ, ಒಂದೂವರೆ ಲಕ್ಷ ಆಪತ್ತಿಗೆಂದು ಇಟ್ಟುಕೊಂಡವರು. ಎರಡು, ವರ್ಷದಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಊರಿಗೆ ಹೋಗುವಾಗಲೋ ಮನೆಯ ಪೂಜೆಗೋ ದೊಡ್ಡ ಮೊತ್ತ ತೆಗೆಯುವವರು. ಮೂರು, ಮುಂಬೈಗೇ ವಿಶೇಷವಾದ ಹೆವಿ ಡಿಪಾಸಿಟ್ ಮಂದಿ, ಅಂದರೆ ಬಾಡಿಗೆಯ ಬದಲು ಮನೆಯ ಮಾಲೀಕನಿಗೆ ದೊಡ್ಡ ಮುಂಗಡ ಕೊಟ್ಟು ಇರುವವರು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮುಗಿದು ಮೂರು, ನಾಲ್ಕು ಲಕ್ಷ ವಾಪಸು ಬಂದಿರುತ್ತದೆ. ಮುಂದಿನ ಮನೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಎಂದು ತೀರ್ಮಾನವಾಗಲು ಮೂರು ತಿಂಗಳು ಹಿಡಿಯುತ್ತದೆ. ಆ ಮೂರು ತಿಂಗಳು ಆ ಗಂಟು ಉಳಿತಾಯ ಖಾತೆಯಲ್ಲಿ ಕೊಳೆಯುತ್ತಿರುತ್ತದೆ. ಮನೆ ಸಿಗಲು ಎರಡು ತಿಂಗಳಿಗಿಂತ ಹೆಚ್ಚು ಬೇಕೆಂದು ಖಚಿತವಿದ್ದರೆ ಸ್ವೀಪಿಗಿಂತಲೂ ನೇರವಾಗಿ 60 ಅಥವಾ 90 ದಿನದ ಠೇವಣಿ ಉತ್ತಮ. ಅಲ್ಲಿ ಮುರಿಸುವ ದಂಡವೇ ಬರುವುದಿಲ್ಲ.

ಫಾರ್ಮ್‌ನಲ್ಲಿ, ಇಲ್ಲವೇ ನೆಟ್‌ಬ್ಯಾಂಕಿಂಗ್‌ನ ಪರದೆಯಲ್ಲಿ, ಕೇಳುವುದು ನಾಲ್ಕೈದು ಸಂಗತಿ: ಮಿತಿ, ಒಮ್ಮೆಗೆ ಸ್ವೀಪ್ ಆಗಬೇಕಾದ ಕನಿಷ್ಠ ಮೊತ್ತ, ವಾಯಿದೆ, ಯಾವಾಗ ಸ್ವೀಪ್ ಆಗಬೇಕು, ಮುರಿಯುವ ಕ್ರಮ. ಎಂಓಡಿಯಲ್ಲಿ ಬಹಳ ಕಾಲ ಕನಿಷ್ಠ ಮಿತಿ 35,000, ಒಮ್ಮೆಗೆ ಕನಿಷ್ಠ 10,000 ಎಂದಿತ್ತು. ಇವು ಬದಲಾಗುತ್ತಿರುತ್ತವೆ, ಅರ್ಜಿ ಕೊಡುವ ದಿನ ಕೇಳಿ ಖಚಿತ ಮಾಡಿಕೊಳ್ಳಿ. ಬ್ಯಾಂಕ್ ಹೇಳುವ ಕನಿಷ್ಠ ಮಿತಿಯನ್ನೇ ಹಾಕಬೇಡಿ. ನಿಮ್ಮ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಅತಿ ಹೆಚ್ಚು ಖರ್ಚಾದ ತಿಂಗಳ ಮೊತ್ತ ನೋಡಿ, ಅದನ್ನು ಮಿತಿಯಾಗಿ ಇಡಿ. ತಿಂಗಳಿಗೆ 60,000 ಹೋಗುವವರು 35,000ದ ಮಿತಿ ಇಟ್ಟರೆ ಪ್ರತಿ ತಿಂಗಳೂ 25,000 ಒಳಗೆ ಹೋಗಿ ಮುರಿದು ಬರುತ್ತದೆ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂಬ ಆಯ್ಕೆ ಇದ್ದರೆ ತಿಂಗಳಿಗೊಮ್ಮೆ ಎಂದು ಬರೆದು, ಇಎಂಐ ಮತ್ತು ಎಸ್‌ಐಪಿ ಕಡಿತವಾದ ಮೇಲಿನ ತಾರೀಕು ಹಾಕಿ.

ವಾಯಿದೆಯ ಕಾಲಮ್ಮಿನಲ್ಲಿ ಎಡವುವವರೇ ಹೆಚ್ಚು. ಸ್ವೀಪ್ ಎಂದರೆ ಬಡ್ಡಿ ಏರಿದಂತೆಲ್ಲ ನಮ್ಮ ಹಣಕ್ಕೂ ಏರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಪ್ರತಿ ತುಂಡಿಗೂ, ಅಂದರೆ ಸ್ವೀಪ್ ಆಗಿ ಬೇರ್ಪಟ್ಟ ಪ್ರತಿ ಸಣ್ಣ ಠೇವಣಿಗೂ, ಅದು ಹುಟ್ಟಿದ ದಿನದ ದರವೇ ಕೊನೆತನಕ. 2022ರ ಏಪ್ರಿಲ್‌ನಲ್ಲಿ ಐದು ವರ್ಷದ ವಾಯಿದೆ ಹಾಕಿದವರ ತುಂಡುಗಳು ಆ ಅಗ್ಗದ ದರಕ್ಕೇ 2027ರವರೆಗೆ ಅಂಟಿಕೊಂಡಿರುತ್ತವೆ. ಒಂದು ವರ್ಷ ಎಂದು ಹಾಕಿದ್ದವರ ತುಂಡುಗಳು 2023ರಲ್ಲಿ ಬಲಿತು ಹೊಸ ದರಕ್ಕೆ ಬಂದವು. ಬಡ್ಡಿ ಏರುವ ಹಾದಿಯಲ್ಲಿದ್ದಾಗ ಬ್ಯಾಂಕ್ ಒಪ್ಪುವ ಅತಿ ಕಿರಿದಾದ ವಾಯಿದೆ ಹಾಕಬೇಕು. ಇಳಿಯತೊಡಗಿದಾಗ ಆ ಸೂಚನೆಯನ್ನು ತಿದ್ದಿ ಎರಡು, ಮೂರು ವರ್ಷಕ್ಕೆ ಮಾಡಬೇಕು. ಹೊಸ ಸೂಚನೆ ಮುಂದಿನ ತುಂಡುಗಳಿಗೆ ಮಾತ್ರ ಅನ್ವಯಿಸುತ್ತದೆ.

ಮುರಿಯುವ ಕ್ರಮದಲ್ಲಿ ಎರಡು ಬಗೆ. ಕೊನೆಗೆ ಬಂದದ್ದು ಮೊದಲು ಮುರಿಯುವುದು ಲೈಫೋ, ಮೊದಲು ಬಂದದ್ದೇ ಮೊದಲು ಮುರಿಯುವುದು ಫೈಫೋ. ಬಡ್ಡಿ ಏರುವಾಗ ಕೊನೆಯ ತುಂಡಿಗೇ ಅತಿ ಹೆಚ್ಚು ದರ ಇರುವುದರಿಂದ ಫೈಫೋ ಸರಿ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಹತ್ತು ತಿಂಗಳ ಹಳೆಯ 10,000ದ ತುಂಡು ಶೇ 5.10ರಲ್ಲಿದೆ, ಇಪ್ಪತ್ತು ದಿನದ ಹೊಸ ತುಂಡು 6.75ರಲ್ಲಿದೆ ಎನ್ನೋಣ. ಹಳೆಯದನ್ನು ಮುರಿದರೆ ಹತ್ತು ತಿಂಗಳ ಬಡ್ಡಿಯೂ ದಂಡ ಕಳೆದು 3.90ಕ್ಕೆ ಇಳಿಯುತ್ತದೆ, ನಷ್ಟ ಸುಮಾರು 100 ರೂಪಾಯಿ. ಹೊಸದನ್ನು ಮುರಿದರೆ ಇಪ್ಪತ್ತು ದಿನದ ಬಡ್ಡಿಯಲ್ಲಿ 23 ರೂಪಾಯಿ ಹೋಗುತ್ತದೆ, ಹಳೆಯ ತುಂಡು ಬಲಿಯುವ ತನಕ ಎರಡು ತಿಂಗಳ ದರ ವ್ಯತ್ಯಾಸ 27, ಒಟ್ಟು 50. ಲೈಫೋ ಗೆದ್ದಿತು. ಆದರೆ 2022ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆದಂತೆ ದರ ಕೆಲವೇ ವಾರಗಳಲ್ಲಿ ನೆಗೆದಾಗ ತಕ್ಕಡಿ ತಿರುಗುತ್ತದೆ. ಹಳೆಯ ತುಂಡು ಇಟ್ಟು ಎಂಬತ್ತೇ ದಿನ ಆಗಿದೆ, ದರ 5.50, ಹೊಸದನ್ನು ಇಟ್ಟು ಹತ್ತು ದಿನ, ದರ 6.75. ಹಳೆಯದನ್ನು ಮುರಿದರೆ ನಷ್ಟ ಸುಮಾರು 44, ಹೊಸದನ್ನು ಮುರಿದರೆ ಮುಂದಿನ ಒಂಬತ್ತು ತಿಂಗಳ ವ್ಯತ್ಯಾಸವೂ ಸೇರಿ 109. ಹಳೆಯ ತುಂಡುಗಳು ಆರು ತಿಂಗಳು ದಾಟಿದ್ದರೆ ಲೈಫೋ ಬಿಡಬೇಡಿ. ಎಲ್ಲವೂ ಮೂರು ತಿಂಗಳೊಳಗಿನವಾಗಿ, ನಡುವೆ ದರ ಒಂದು ಶೇಕಡಾಕ್ಕಿಂತ ಹೆಚ್ಚು ಏರಿದ್ದರೆ ಮಾತ್ರ ಫೈಫೋಗೆ ಬದಲಾಯಿಸಿ.

ಹಳೆಯ ದೊಡ್ಡ ಎಫ್‌ಡಿ ಇದ್ದವರಿಗೂ ಇದೇ ತೂಕ. ಎರಡು ಲಕ್ಷ, ಐದು ವರ್ಷಕ್ಕೆ, ಶೇ 5.50ರಲ್ಲಿ ಇಟ್ಟು ಒಂದು ವರ್ಷ ಆಗಿದೆ, ಇಟ್ಟ ದಿನ ಒಂದು ವರ್ಷದ ದರ 5.10 ಇತ್ತು ಎನ್ನಿ. ಮುರಿಸಿದರೆ ಸಿಗುವುದು 4.60, ನಷ್ಟ 1,800 ರೂಪಾಯಿ. ಉಳಿದ ನಾಲ್ಕು ವರ್ಷಕ್ಕೆ 6.50 ಸಿಗುವುದಾದರೆ ವರ್ಷಕ್ಕೆ 2,000 ಲಾಭ. ಹನ್ನೊಂದು ತಿಂಗಳಲ್ಲಿ ನಷ್ಟ ತೀರುತ್ತದೆ, ಉಳಿದ ಮೂರು ವರ್ಷ ಲಾಭ. ಮುರಿಸಿ. ವಾಯಿದೆ ಮುಗಿಯಲು ಹತ್ತೇ ತಿಂಗಳು ಉಳಿದಿದ್ದರೆ ಕೈ ಹಾಕಬೇಡಿ.

ತೆರಿಗೆಯ ಕಡೆ ಒಂದು ದೊಡ್ಡ ಎಡವಟ್ಟು ಇದೆ. ಉಳಿತಾಯ ಖಾತೆಯ ಬಡ್ಡಿಗೆ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, ಇಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿ 10,000 ರೂಪಾಯಿವರೆಗೆ ವಿನಾಯಿತಿಯೂ ಇದೆ. ಸ್ವೀಪ್ ಆದ ಹಣದ ಬಡ್ಡಿ ಠೇವಣಿಯ ಬಡ್ಡಿ. ಅರವತ್ತು ದಾಟದವರಿಗೆ ಆ 10,000ದ ವಿನಾಯಿತಿ ಇದಕ್ಕೆ ಬರುವುದಿಲ್ಲ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಠೇವಣಿ ಬಡ್ಡಿ 50,000, ಹಿರಿಯ ನಾಗರಿಕರಿಗೆ 1,00,000 ದಾಟಿದರೆ ಶೇ 10 ಟಿಡಿಎಸ್ ಕಡಿತ. ಅದಕ್ಕಿಂತ ಕಡಿಮೆ ಇದ್ದರೂ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಬಡ್ಡಿ ತುಂಡಿನ ಒಳಗೇ ಸೇರಿಕೊಳ್ಳುವುದರಿಂದ ಪಾಸ್‌ಬುಕ್ಕಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆದರೆ ತೆರಿಗೆ ಇಲಾಖೆಯ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದೇ ಬರುತ್ತದೆ. ನೋಟಿಸ್ ಬರುವುದು ಇಲ್ಲಿಂದಲೇ.

ಭದ್ರತೆಯ ವಿಷಯವನ್ನು ಮುಂಬೈಯಲ್ಲಿರುವ ನಮ್ಮವರು ಮನಸ್ಸಿಟ್ಟು ಕೇಳಬೇಕು. ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರು ಮಾಡಿದ ಸಿಂಡಿಕೇಟ್ ಬ್ಯಾಂಕಿನ ನಾಡಿನಿಂದ ಬಂದವರು ನಾವು. ಇಲ್ಲಿಯೂ ನಮ್ಮ ಸಮಾಜಗಳೇ ಕಟ್ಟಿ ಬೆಳೆಸಿದ ಸಹಕಾರಿ ಬ್ಯಾಂಕುಗಳಿವೆ, ಕೌಂಟರಿನಲ್ಲಿ ತುಳು, ಕನ್ನಡ ಕೇಳಿಸುತ್ತದೆ. ಆ ಪ್ರೀತಿ ಇರಲಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಮಾತ್ರ ಯಾವ ಬ್ಯಾಂಕಾದರೂ ಒಬ್ಬ ಠೇವಣಿದಾರನಿಗೆ ಒಟ್ಟು ಐದು ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಸ್ವೀಪ್ ತುಂಡು, ಉಳಿತಾಯ ಖಾತೆ, ಬೇರೆ ಶಾಖೆಯ ಎಫ್‌ಡಿ ಎಲ್ಲ ಒಂದೇ ಲೆಕ್ಕಕ್ಕೆ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಸಹಕಾರಿ ಬ್ಯಾಂಕಾದ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಂದಾಗ ಮೊದಲು ಸಿಕ್ಕದ್ದು ಖಾತೆಗೆ ಸಾವಿರ ರೂಪಾಯಿ ಮಾತ್ರ, ಆಗ ವಿಮೆಯ ಮಿತಿ ಒಂದು ಲಕ್ಷವಷ್ಟೇ ಇತ್ತು. ಒಂದು ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಐದು ಲಕ್ಷದ ಮೇಲಿನದನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ. ಇನ್ನು ಪತ್‌ಪೇಢಿ, ಅಂದರೆ ಕ್ರೆಡಿಟ್ ಸೊಸೈಟಿ, ಬ್ಯಾಂಕೇ ಅಲ್ಲ. ಅಲ್ಲಿ ಈ ವಿಮೆಯ ಒಂದು ರೂಪಾಯಿಯೂ ಇಲ್ಲ.

ಜಂಟಿ ಖಾತೆಯಿದ್ದರೆ ಇನ್ನೊಂದು ಮಾತು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮುಂಚೆ ತುಂಡು ಮುರಿಸಬಹುದೇ ಎಂಬುದು ಅರ್ಜಿಯಲ್ಲಿ ಕೊಟ್ಟ ಸೂಚನೆಯ ಮೇಲೆ ನಿಂತಿದೆ. ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಇಲ್ಲವೇ ಉಳಿದವರು) ಎಂದು ಬರೆದಿದ್ದರೆ ಸಾಕು ಎಂದುಕೊಳ್ಳಬೇಡಿ. ಅವಧಿಗೆ ಮುಂಚೆ ಹಿಂಪಡೆಯಲು ಉಳಿದವರಿಗೆ ಅಧಿಕಾರ ಎಂಬ ಪ್ರತ್ಯೇಕ ಸಾಲಿಗೆ ಇಬ್ಬರೂ ಸಹಿ ಹಾಕಿ, ಅದರ ಪ್ರತಿಗೆ ಶಾಖೆಯ ಮೊಹರು ಹಾಕಿಸಿ ಮನೆಯಲ್ಲಿಡಿ. ಉಳಿತಾಯ ಖಾತೆಗೆ ಕೊಟ್ಟ ನಾಮಿನಿಯ ಹೆಸರು ಪ್ರತಿ ತುಂಡಿಗೂ ಹೋಗಿದೆಯೇ ಎಂದು ಮೊದಲ ಸ್ವೀಪ್ ಆದ ಮರುದಿನವೇ ನೆಟ್‌ಬ್ಯಾಂಕಿಂಗ್‌ನಲ್ಲಿ ಆ ಠೇವಣಿಯ ವಿವರ ತೆರೆದು ನೋಡಿ. ಇಲ್ಲದಿದ್ದರೆ ಅದೇ ವಾರ ಶಾಖೆಗೆ ಹೋಗಿ ಸೇರಿಸಿ.