ಅಸಹಜ ಕ್ರಿಪ್ಟ್ ಗುಚ್ಛವೋ, ಗಡ್ಡೆಯೋ: ಯಾವುದನ್ನು ಎಣಿಸುವುದು?

ಇಲಿಗಳಿಗೆ ಅಜಾಕ್ಸಿಮೀಥೇನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕ ಚುಚ್ಚಿ (ಸಾಮಾನ್ಯವಾಗಿ ಕೆಜಿಗೆ 15 ಮಿಗ್ರಾಂ, ವಾರಕ್ಕೊಮ್ಮೆಯಂತೆ ಎರಡು ಬಾರಿ) ದೊಡ್ಡಕರುಳಿನ ಕ್ಯಾನ್ಸರ್ ತಡೆಯುವ ಸಂಯುಕ್ತ ಪರೀಕ್ಷಿಸುವವರಿಗೆ ದಾರಿ ಎರಡು: ಗಡ್ಡೆ ಎಣಿಸುವುದು, ಇಲ್ಲವೇ ಅಸಹಜ ಕ್ರಿಪ್ಟ್ ಗುಚ್ಛಗಳನ್ನು (ಕರುಳಿನ ಒಳಪದರದ ಸಣ್ಣ ಕುಳಿಗಳಾದ ಕ್ರಿಪ್ಟ್‌ಗಳು ರೂಪಗೆಟ್ಟು ಗುಂಪಾಗಿರುವ, ಗಡ್ಡೆಗೆ ಮುಂಚಿನ ತಾಣಗಳು) ಎಣಿಸುವುದು.

ಗಡ್ಡೆಗೆ 30–40 ವಾರ ಕಾಯಬೇಕು. ಕೆಲವು ಇಲಿಗಳಲ್ಲಿ ಗಡ್ಡೆಯೇ ಬರುವುದಿಲ್ಲ, ಹಾಗಾಗಿ ಗುಂಪುಗಳು ದೊಡ್ಡವಿರಬೇಕು. ಆದರೆ ಸಿಗುವ ಉತ್ತರ ನೇರ.

ಕ್ರಿಪ್ಟ್ ಗುಚ್ಛಗಳು 8–12 ವಾರದಲ್ಲೇ ಎಣಿಕೆಗೆ ಸಿಗುತ್ತವೆ. ಕರುಳನ್ನು ಉದ್ದಕ್ಕೆ ಸೀಳಿ, ಫಿಲ್ಟರ್ ಕಾಗದದ ನಡುವೆ ಚಪ್ಪಟೆಯಾಗಿಟ್ಟು ಫಾರ್ಮಲಿನ್‌ನಲ್ಲಿ ಸ್ಥಿರಗೊಳಿಸಿ, ಶೇ. 0.2ರ ಮೆಥಿಲೀನ್ ಬ್ಲೂನಲ್ಲಿ ಕೆಲವು ನಿಮಿಷ ಅದ್ದಿ, ಲೋಳೆಪದರ ಮೇಲಿರುವಂತೆ 40 ಪಟ್ಟು ಹಿಗ್ಗಿಸಿ ನೋಡಿ. ದೊಡ್ಡದಾಗಿ, ಗಾಢವಾಗಿ, ತುಸು ಉಬ್ಬಿ, ಬಾಯಿ ಸೀಳಿನಂತೆ ಕಾಣುವ ಕ್ರಿಪ್ಟ್‌ಗಳೇ ಅಸಹಜವಾದವು. ಕರುಳು ಮಡಚಿಕೊಂಡರೆ ಅಥವಾ ಬಣ್ಣ ಹೆಚ್ಚಾದರೆ ಸಹಜ ಕ್ರಿಪ್ಟ್‌ಗಳೂ ಗಾಢವಾಗಿ ಕಂಡು ಲೆಕ್ಕ ಕೆಡುತ್ತದೆ. ಎಣಿಸುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಲೇಬಾರದು.

ತೊಡಕು ಬೇರೆಯೇ ಇದೆ: ಹೆಚ್ಚಿನ ಗುಚ್ಛಗಳು ಗಡ್ಡೆಯಾಗುವುದೇ ಇಲ್ಲ. ಒಟ್ಟು ಸಂಖ್ಯೆ ಇಳಿದರೂ ಗಡ್ಡೆ ಇಳಿಯದಿರಬಹುದು. ಆದ್ದರಿಂದ ನಾಲ್ಕು ಅಥವಾ ಹೆಚ್ಚು ಕ್ರಿಪ್ಟ್‌ಗಳಿರುವ ಗುಚ್ಛಗಳನ್ನು ಬೇರೆಯೇ ಬರೆದಿಡಿ. ಮ್ಯೂಸಿನ್ (ಲೋಳೆಯ ಮುಖ್ಯ ಪ್ರೋಟೀನ್) ಕಳೆದುಕೊಂಡ ಗುಚ್ಛಗಳನ್ನೂ ಎಣಿಸಿದರೆ ಇನ್ನೂ ಒಳ್ಳೆಯದು, ಅವು ಗಡ್ಡೆಗೆ ಹೆಚ್ಚು ಹತ್ತಿರ.

ಹತ್ತಾರು ಸಂಯುಕ್ತಗಳನ್ನು ಜರಡಿ ಹಿಡಿಯಲು ಗುಚ್ಛ ಸಾಕು. ಒಂದನ್ನು ಮುಂದಿನ ಹಂತಕ್ಕೆ ಒಯ್ಯುವ ಮುನ್ನ ಗಡ್ಡೆಯ ಪ್ರಯೋಗ ತಪ್ಪಿಸಬೇಡಿ.