ಕಾಂಟಾ ಕುಣಿದರೆ ಮೊದಲು ಲೋಡ್ ಸೆಲ್‌ಗೆ ಕೈ ಹಾಕಬೇಡಿ

ಕಾಂಟಾ (ಎಲೆಕ್ಟ್ರಾನಿಕ್ ತೂಕದ ಯಂತ್ರ) ರಿಪೇರಿ ಮಾಡುವವರು, ಮಾಡಿಸುವವರು ಇಬ್ಬರೂ ಓದಿ. ಹೋದ ತೊಗರಿ ಸೀಸನ್ನಿನಲ್ಲಿ ನಾನು ಮಾಡಿದ ಎಡವಟ್ಟು ಇದು.

ಆಳಂದ ಕಡೆಯ ಹಳ್ಳಿಯಿಂದ ತೊಗರಿ ವ್ಯಾಪಾರಿಯೊಬ್ಬರು ಕಲಬುರಗಿಯ ನನ್ನ ಅಂಗಡಿಗೆ 100 ಕೆ.ಜಿ. ಕಾಂಟಾ ತಂದರು. ಚೀಲ ಇಟ್ಟರೆ ಅಂಕಿ ನಿಲ್ಲುತ್ತಿರಲಿಲ್ಲ. 50.20, 50.65, ಮತ್ತೆ 49.90. ರೈತರು ಸುಮ್ನೆ ಇರ್ತಾರಾ? ದೊಡ್ಡ ಜಗಳವೇ ಆಗಿತ್ತಂತೆ.

ಮಲ್ಟಿಮೀಟರ್ ಹಚ್ಚಿದೆ. 5 ವೋಲ್ಟ್ ಬರಬೇಕಾದಲ್ಲಿ 4.85. ವೋಲ್ಟೇಜನ್ನು 5ಕ್ಕೆ ಕಟ್ಟಿ ಹಿಡಿಯುವ 7805 ರೆಗ್ಯುಲೇಟರ್‌ಗೆ 4.8ರಿಂದ 5.2ರವರೆಗೆ ಸರಿ ಅಲ್ವಾ? ಸಪ್ಲೈ ಚೆನ್ನಾಗಿದೆ ಎಂದು ಸರ್ಕಾರಿ ಮುದ್ರೆಯ ಸೀಲ್ ಒಡೆದು, ಭಾರವನ್ನು ವಿದ್ಯುತ್ ಸಿಗ್ನಲ್ ಮಾಡುವ ಲೋಡ್ ಸೆಲ್ ಬದಲಿಸಿದೆ. ಮಧ್ಯಾಹ್ನದ ಹೊತ್ತು ಕರೆಂಟ್ ಚೆನ್ನಾಗಿತ್ತು, ಅಂಕಿ ಗಟ್ಟಿಯಾಗಿ ನಿಂತಿತು. ಹೊಸ ಸೆಲ್ ಮಹಿಮೆ ಅಂದುಕೊಂಡೆ.

ಎರಡೇ ದಿನಕ್ಕೆ ಫೋನ್ ಬಂತು. ಸಂಜೆ ಮತ್ತೆ ಕುಣಿತ.

ಈ ಸಲ ಅಕ್ಕನ ಮಗನ ಪುಟ್ಟ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ) ಹಿಡಿದು ನಾನೇ ಹೋದೆ. ಅಲ್ಲಿ ಪಂಪ್‌ಸೆಟ್ ಶುರುವಾದರೆ 230 ಇರಬೇಕಾದ ವೋಲ್ಟೇಜ್ 185ಕ್ಕೆ ಇಳಿಯುತ್ತದೆ. ರೆಗ್ಯುಲೇಟರ್ ಒಳಗೆ ಹೋಗುವ ಕಡೆ ಸ್ಕೋಪ್ ಇಟ್ಟರೆ ಗರಗಸದ ಹಲ್ಲು! ಮೇಲೆ 9 ವೋಲ್ಟ್, ಕೆಳಗೆ 5. ಸೆಕೆಂಡಿಗೆ 100 ಸಲ. 7805ಗೆ ಒಳಗೆ ಸುಮಾರು 7 ವೋಲ್ಟ್ ಆದರೂ ಬೇಕು. ಅದಕ್ಕಿಂತ ಕೆಳಗೆ ಬಿದ್ದಾಗೆಲ್ಲ ಹೊರಗಿನ 5 ವೋಲ್ಟ್ ಕೂಡ ಕುಸಿಯುತ್ತದೆ. ಮೀಟರ್ ತೋರಿಸುವುದು ಸರಾಸರಿ ಮಾತ್ರ. ಈ ಗುಂಡಿಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಸೆಲ್ ಕೊಡುವ ಸಿಗ್ನಲ್ ಪೂರ್ತಿ 100 ಕೆ.ಜಿ.ಗೆ 10 ಮಿಲಿವೋಲ್ಟ್ ಇರಬಹುದು, ಅಂದರೆ 10 ಗ್ರಾಂಗೆ ಒಂದೇ ಮೈಕ್ರೋವೋಲ್ಟ್. ಇಂಥ ಸಪ್ಲೈ ಮೇಲೆ ಅದು ನಿಲ್ಲುವುದೆಲ್ಲಿ?

ಕಳ್ಳ ಸಿಕ್ಕಿದ್ದು ಫಿಲ್ಟರ್ ಕೆಪಾಸಿಟರ್, ಈ ಏರಿಳಿತವನ್ನು ಸಮ ಮಾಡಬೇಕಾದದ್ದು. ಮೇಲೆ 1000 ಮೈಕ್ರೋಫ್ಯಾರಡ್ ಎಂದಿದೆ, ಅಳೆದರೆ 300 ಚಿಲ್ಲರೆ. ಉಬ್ಬಿರಲಿಲ್ಲ, ನೋಡಲು ಹೊಸದರಂತಿತ್ತು. 85 ಡಿಗ್ರಿವರೆಗೆ ತಾಳುವ ಮಾಲು, ರೆಗ್ಯುಲೇಟರ್ ಬಿಸಿ ಹೊರಹಾಕುವ ಹೀಟ್ ಸಿಂಕ್‌ಗೆ ಅಂಟಿಕೊಂಡು ಕೂತಿತ್ತು. ಮೇಲೆ ತಗಡಿನ ಶೆಡ್, ಅದರ ಮೇಲೆ ನಮ್ಮ ಮೇ ತಿಂಗಳ ಬಿಸಿಲು. ಇಂಥ ಕೆಪಾಸಿಟರ್ ಆಯುಷ್ಯ 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಅರ್ಧ ಆಗುತ್ತದೆ.

105 ಡಿಗ್ರಿಯ 2200 ಮೈಕ್ರೋಫ್ಯಾರಡ್, 25 ವೋಲ್ಟ್‌ನದು ಹಾಕಿದೆ, ಹೀಟ್ ಸಿಂಕ್‌ನಿಂದ ದೂರ. ರೆಗ್ಯುಲೇಟರ್ ಕಾಲಿನ ಹತ್ತಿರ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್. ಹಾಗಂತ 10,000 ತುರುಕಲು ಹೋಗಬೇಡಿ. ಆಗ ಕರೆಂಟ್ ಸಣ್ಣ ಸಣ್ಣ ಹೊಡೆತಗಳಲ್ಲಿ ಜಾಸ್ತಿ ಎಳೆಯುತ್ತದೆ, ಡಯೋಡ್ ಮತ್ತು ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತವೆ.

ಸ್ಕೋಪ್ ಇಲ್ಲದವರು ಮೀಟರನ್ನು ಎಸಿಗೆ ತಿರುಗಿಸಿ ಈ ಏರಿಳಿತ (ರಿಪಲ್) ನೋಡಬಹುದು. ಆದರೆ ಕಡಿಮೆ ಬೆಲೆಯ ಕೆಲವು ಮೀಟರ್‌ಗಳು ಎಸಿಯಲ್ಲೂ ಡಿಸಿಯನ್ನು ತಡೆಯುವುದಿಲ್ಲ, ಏನೇನೋ ಅಂಕಿ ತೋರಿಸುತ್ತವೆ. ಒಂದು ಕಡ್ಡಿಗೆ ಸರಣಿಯಲ್ಲಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸೇರಿಸಿಕೊಳ್ಳಿ. ಕಾಂಟಾಕ್ಕೆ ಅಗ್ಗದ ಎಸ್‌ಎಂಪಿಎಸ್ ಅಡಾಪ್ಟರ್ (ಮೊಬೈಲ್ ಚಾರ್ಜರ್ ತರಹದ್ದು) ಹಾಕಿದ್ದರೆ ಈ ಉಪಾಯವೂ ನಡೆಯಲ್ಲ. ಅಲ್ಲಿ ರಿಪಲ್ ಸೆಕೆಂಡಿಗೆ ಹತ್ತಾರು ಸಾವಿರ ಸಲ, ಸಾಮಾನ್ಯ ಮೀಟರ್‌ಗೆ ಸರಿಯಾಗಿ ಸಿಗುವುದಿಲ್ಲ. ನಾನು ಬಿಚ್ಚಿದ ಒಂದರಲ್ಲಿ ರಿಪಲ್ ತಡೆಯುವ ಫಿಲ್ಟರ್ ಕಾಯಿಲ್ ಜಾಗದಲ್ಲಿ ಬರೀ ತಂತಿ ಇತ್ತು!

ಹಳೆಯ ಸೆಲ್ ಪರೀಕ್ಷಿಸಿದೆ. ಅದಕ್ಕೆ ಏನೂ ಆಗಿರಲಿಲ್ಲ. ವ್ಯಾಪಾರಿಗೆ ಸೆಲ್ ದುಡ್ಡು ವಾಪಸ್ ಕೊಟ್ಟೆ. ಕಾಂಟಾಕ್ಕೆ ಮತ್ತೆ ಮುದ್ರೆ ಹಾಕಿಸಿದ ಖರ್ಚೂ ನನ್ನ ತಲೆಗೇ ಬಂತು.